ತಿಮ್ಮಣ್ಣನವರ ಕಣ್ಣು

ಸಾವಿತ್ರಮ್ಮ, ನಿಮ್ಮ ತಂದೆಯ ದೃಷ್ಟಿ ಮಂಜಾಗಿದೆ ಎಂದು ಪತ್ರಿಕೆಯಲ್ಲಿ ಬರೆದವನು ನಾನು. ಅದು ಸುಳ್ಳೆಂದು ಬರೆಯುವಾಗಲೇ ನನಗೆ ಗೊತ್ತಿತ್ತು. ಅಜ್ಜಂಪುರದ ಯಾರೋ ಕಲಾಭಿಮಾನಿ ಬರೆದದ್ದೆಂದು ನೀವು ನಂಬಿದ್ದಿರಿ. ಆ ಕಲಾಭಿಮಾನಿಯೂ ನಾನೇ. ಇಷ್ಟನ್ನು ಮೊದಲೇ ಹೇಳಿಬಿಡುತ್ತೇನೆ. ಸುತ್ತಿ ಬಳಸಿ ಹೊರಟರೆ ನನ್ನನ್ನು ಒಳ್ಳೆಯವನನ್ನಾಗಿ ಮಾಡುವ ಕಡೆಗೇ ನನ್ನ ಲೇಖನಿ ತಿರುಗುತ್ತದೆ. ಅದರ ಚಾಳಿ ನನಗೆ ಗೊತ್ತು.

ಆಗ ನಾನು ಬೆಂಗಳೂರಿನ ಒಂದು ವಾರಪತ್ರಿಕೆಗೆ ಕಡೂರು ಸೀಮೆಯ ಸುದ್ದಿ ಕಳಿಸುತ್ತಿದ್ದೆ. ಮಳೆ ಬೆಳೆ, ಅಮಲ್ದಾರರ ಸವಾರಿ ಬರೆದು ಬರೆದು ಬೇಸತ್ತು, ಚಿತ್ರದ ವ್ಯಾಪಾರದ ಬಗ್ಗೆ ಬರೆಯತೊಡಗಿದೆ. ಬೊಂಬಾಯಿಯ ಅಚ್ಚಿನ ದೇವರ ಪಟಗಳು ಯಾವ ಅಂಗಡಿಯಲ್ಲಿ ಖರ್ಚಾಗುತ್ತಿವೆ, ಯಾವ ಸಾಹುಕಾರರು ಯಾವ ಚಿತ್ರಗಾರನಿಂದ ಏನು ಬರೆಸಿದರು—ಇಂಥದನ್ನು ಜನ ಓದಿದರು. ನಾನು ಹೊಗಳಿದವನಿಗೆ ಗಿರಾಕಿಗಳು ಬಂದರು. ಆಮೇಲೆ ಚಿತ್ರಗಾರರು ನನ್ನನ್ನು ಕಂಡರೆ ಎದ್ದು ನಿಂತು, ಚಾಪೆ ಹಾಸಿ, ಕೈಗೆ ಬೆಲ್ಲ ನೀರು ಕೊಡತೊಡಗಿದರು. ಅದು ನನ್ನ ತಲೆಗೇರಿತು.

ನಿಮ್ಮ ತಂದೆ ತಿಮ್ಮಣ್ಣನವರು ಏಳಲಿಲ್ಲ. ತರೀಕೆರೆಯ ನಿಮ್ಮ ಮನೆಗೆ ನಾನು ಬಂದಾಗ ಅವರು ಒಂದು ಪಟಕ್ಕೆ ಚಿನ್ನದ ರೇಕು ಅಂಟಿಸುತ್ತಿದ್ದರು. ತಲೆ ಎತ್ತದೆ, ರೇಕಿಗೆ ಉಸಿರು ತಾಗದಂತೆ ಮೆಲ್ಲಗೆ, "ಕೂತ್ಕಳಿ ಸ್ವಾಮಿ. ಈಗ ಎದ್ರೆ ರೇಕು ಹಾರೋಗ್ತದೆ" ಎಂದರು. ನಾನು ಜಗಲಿಯ ಮೇಲೆ, ಅಂಗಾಲಿಗೆ ಚುಚ್ಚಿದ್ದ ಜಾಲಿ ಮುಳ್ಳನ್ನು ಸವರಿಕೊಳ್ಳುತ್ತಾ, ಕಾದು ಕೂತೆ. ನಾನು—ಕಾಯುವುದು! ಒಳಗೇ ಹಲ್ಲು ಕಡಿದೆ.

ಕೆಲಸ ಮುಗಿದ ಮೇಲೆ ಅವರು ಮಾಡಿದ್ದೇನೆಂದು ನಿಮಗೆ ನೆನಪಿದೆ. ನನ್ನ ಕಾಲನ್ನು ತಮ್ಮ ತೊಡೆಯ ಮೇಲೆ ಇಟ್ಟುಕೊಂಡು, ನಿಮ್ಮಿಂದ ಸೂಜಿ ತರಿಸಿ, ನನಗೇ ಕಾಣದ ಆ ಮುಳ್ಳಿನ ಮುರುಕನ್ನು ಒಂದೇ ಸಲಕ್ಕೆ ಎಬ್ಬಿಸಿದರು. ಆಮೇಲೆ ಪಟಗಳನ್ನು ತೋರಿಸಿದರು. ಗಿರಿಜಾಕಲ್ಯಾಣ, ಪಟ್ಟಾಭಿಷೇಕ, ಗಜಲಕ್ಷ್ಮಿ—ಯಾವುದಕ್ಕೂ ಕಣ್ಣಿರಲಿಲ್ಲ. ಪಟ ಗಿರಾಕಿಯ ಮನೆಯ ಹೊಸಿಲು ದಾಟಿದ ಮೇಲೆ, ಅಲ್ಲೇ ಕೂತು, ಮನೆಯವರ ಎದುರಿಗೆ ಕಣ್ಣು ಬರೆಯುವುದು ನಿಮ್ಮ ವಂಶದ ಪದ್ಧತಿ. ಕಣ್ಣು ಬಂತೆಂದರೆ ಅದು ದೇವರು, ಆಮೇಲೆ ಮಾರುವಂತಿಲ್ಲ. ಅವರು ಇದನ್ನೆಲ್ಲ ನಿಧಾನವಾಗಿ ತಿಳಿಸಿ ಹೇಳಿದರು. ನಾನು ತಲೆಯಾಡಿಸಿದೆ. ಕಾಲು ನೋಯುತ್ತಿರಲಿಲ್ಲ, ಆದರೆ ಕಾದದ್ದನ್ನು ಮರೆತಿರಲಿಲ್ಲ.

ಅದೇ ವಾರ, ನನ್ನ ಹೆಸರು ಹಾಕದೆ, 'ಅಜ್ಜಂಪುರದ ಕಲಾಭಿಮಾನಿ' ಎಂದು ಸಹಿ ಮಾಡಿ ಬರೆದೆ. ತಿಮ್ಮಣ್ಣನವರು ಈಚೆಗೆ ಕಣ್ಣಿಲ್ಲದ ಪಟಗಳನ್ನೇ ಮಾಡುತ್ತಿದ್ದಾರೆ, ವಯಸ್ಸಾಯಿತು, ದೃಷ್ಟಿ ಮಂಜಾಯಿತು, ಪಾಪ—ಎಂದು. ಆ 'ಪಾಪ' ಎಂಬ ಮಾತು ಸೇರಿಸಿದಾಗ ನನಗೆ ಎಷ್ಟು ಖುಷಿಯಾಗಿತ್ತೆಂದರೆ, ಒಬ್ಬನೇ ಕೂತು ನಕ್ಕಿದ್ದೆ. ನಿಮ್ಮ ಹಳೆಯ ಗಿರಾಕಿಗಳಿಗೆ ಪದ್ಧತಿ ಗೊತ್ತಿತ್ತು. ಆದರೂ ದೇವರ ಕಣ್ಣು ಸೊಟ್ಟಗಾದರೆ ಮನೆಗೆ ಕೇಡು ಎಂಬ ಭಯ ಯಾರನ್ನು ಬಿಟ್ಟಿದೆ? ಒಬ್ಬೊಬ್ಬರಾಗಿ ಹಿಂದೆ ಸರಿದರು.

ಉಳಿದದ್ದು ಅಜ್ಜಂಪುರದ ಮಂಡಿ ಸಾಹುಕಾರ ರುದ್ರಪ್ಪನವರು ಬರೆಸಿದ್ದ ಗಿರಿಜಾಕಲ್ಯಾಣ ಒಂದೇ. ಅವರು ಪಟ ಒಯ್ದರೆ ಮಿಕ್ಕವರೂ ಬರುತ್ತಾರೆ, ಬಿಟ್ಟರೆ ತಿಮ್ಮಣ್ಣನವರ ಕುಂಚ ಮೂಲೆಗೆ ಬಿತ್ತು—ಇದು ನಿಮಗೂ ಗೊತ್ತಿತ್ತು, ನನಗೂ. ಅದಕ್ಕೇ ಅಪ್ಪ ಮಗಳು ಪಟವನ್ನು ಪಂಚೆಯಲ್ಲಿ ಸುತ್ತಿ ರೈಲು ಹತ್ತಿದಿರಿ. ತಮಾಷೆ ನೋಡಲು ನಾನೂ ಹೋದೆ. ಮಂಡಿಯ ಬಾಗಿಲಲ್ಲಿ ನನ್ನನ್ನು ಕಂಡು ನಿಮ್ಮ ಮುಖ ಅರಳಿತು. ನಮ್ಮವರೊಬ್ಬರು ಬಂದಿದ್ದಾರೆ ಎಂದುಕೊಂಡಿರಿ.

"ಮನೇಲಿಟ್ಟ ಮೇಲೆ ಕಣ್ಣು ಸೊಟ್ಟಗಾದ್ರೆ ವಾಪಸ್ ಕಳ್ಸಕ್ಕಾಯ್ತದಾ? ಇಲ್ಲೇ ಬರೀರಿ, ನೋಡಣ" ಎಂದರು ರುದ್ರಪ್ಪನವರು.

"ಹೊಸ್ಲು ದಾಟದ ದೇವ್ರಿಗೆ ಕಣ್ ಬರ್ಯಲ್ಲ ಸಾವ್ಕಾರ್ರೇ. ನಮ್ಮಪ್ಪನೂ ಬರೀಲಿಲ್ಲ" ಎಂದರು ತಿಮ್ಮಣ್ಣನವರು.

ಅಷ್ಟಕ್ಕೆ ನಿಲ್ಲಬಹುದಿತ್ತು. ರುದ್ರಪ್ಪನವರು ಕಟುಕರಲ್ಲ, ಇನ್ನಷ್ಟು ಮಾತಾಡಿದ್ದರೆ ಒಪ್ಪುತ್ತಿದ್ದರೋ ಏನೋ. ನಾನು ಬಾಯಿ ಹಾಕಿದೆ—"ಬೇಡ ಬಿಡಿ, ಸೂಜಿಗೆ ದಾರ ಪೋಣಿಸಲಿ, ಸಾಕು." ಯಾರೋ ಹಮಾಲ ಮೂಟೆ ಹೊಲಿಯುವ ದಬ್ಬಣ ಹಿಡಿದುಕೊಂಡು ಬಂದ. ಮಂಡಿಯೆಲ್ಲ ನಕ್ಕಿತು. ಆಗ ನಾನು ಆಡಿದ ಮಾತು ಇವತ್ತಿಗೂ ನನ್ನ ಕಿವಿಯಲ್ಲಿದೆ:

"ದಬ್ಬಣ ಯಾಕ್ರೀ? ಸಣ್ಣ ಸೂಜಿ ತರ್ಸಿ."

ಸಣ್ಣ ಸೂಜಿ ಬಂತು. ತಿಮ್ಮಣ್ಣನವರು ಕೈಗೆ ತೆಗೆದುಕೊಂಡರು. ರೇಕು ಅಂಟಿಸುವಾಗ ಕಲ್ಲಿನಂತೆ ನಿಂತಿದ್ದ ಕೈ ನಡುಗುತ್ತಿತ್ತು. ಕಣ್ಣಿನ ದೋಷದಿಂದಲ್ಲ, ಅವಮಾನದಿಂದ, ಸಿಟ್ಟಿನಿಂದ—ನಿಮ್ಮನ್ನು ಬಿಟ್ಟರೆ ಮಂಡಿಯಲ್ಲಿ ಅದನ್ನು ಬಲ್ಲವನು ನಾನೊಬ್ಬನೇ. ದಾರ ಎರಡು ಸಲ ಪಕ್ಕಕ್ಕೆ ಹೋಯಿತು. ಸೂಜಿ ಕೆಳಗೆ ಬಿತ್ತು. ಹಮಾಲರು ಹೋ ಎಂದರು.

ನೀವು ನನ್ನ ಕಡೆ ತಿರುಗಿದಿರಿ. "ಸ್ವಾಮಿ, ನಮ್ಮಪ್ಪನ ಕಣ್ಣು ನೆಟ್ಟಗೈತೆ ಅಂತ ನಿಮ್ಗೆ ಗೊತ್ತಲ್ಲ. ಅವತ್ತು ನಿಮ್ ಮುಳ್ಳು ತೆಗೆದ್ರಲ್ಲ... ಹೇಳಿ ಸ್ವಾಮಿ."

ಎಲ್ಲರೂ ನನ್ನನ್ನೇ ನೋಡಿದರು. ಒಂದು 'ಹೌದು' ಸಾಕಾಗಿತ್ತು. ನಾನು—

"ಯಾವ ಮುಳ್ಳಮ್ಮಾ? ನನಗೇನು ಗೊತ್ತು?"

ತಿಮ್ಮಣ್ಣನವರು ನನ್ನನ್ನೊಮ್ಮೆ ನೋಡಿದರು. ನೀವು ಬಗ್ಗಿ ಸೂಜಿ ಹುಡುಕಿ, ದಾರ ಪೋಣಿಸಿ, ರುದ್ರಪ್ಪನವರ ಗದ್ದುಗೆಯ ಮೇಲೆ ಇಟ್ಟು, ಪಟವನ್ನು ಕಂಕುಳಿಗೆ ಸಿಕ್ಕಿಸಿ, ಅಪ್ಪನ ಕೈ ಹಿಡಿದುಕೊಂಡು ಹೊರಟಿರಿ. ನಡೆಯಲು ಅವರಿಗೆ ಆಸರೆ ಬೇಕಿರಲಿಲ್ಲ. ಆದರೆ ನೋಡಿದ ಜನ, "ಕಂಡ್ರಾ, ಮಗಳು ಕೈ ಹಿಡ್ಕೊಂಡು ನಡೆಸ್ತಾಳೆ" ಎಂದರು. ಅದನ್ನೂ ಬರೆದೆ. ಅಚ್ಚುಕಟ್ಟಾಗಿ, ಕನಿಕರ ತುಂಬಿ.

ಆ ಪಟವನ್ನೂ ಮಿಕ್ಕವನ್ನೂ ಬೆಂಗಳೂರಿನ ಒಬ್ಬ ವ್ಯಾಪಾರಿ ಕಸದ ಬೆಲೆಗೆ ಕೊಂಡ. ಇನ್ನಾರದೋ ಕೈಯಲ್ಲಿ ಕಣ್ಣು ಬರೆಸಿ ಅಂಗಡಿಯಲ್ಲಿ ತೂಗುಹಾಕಿದ. ಅಪರೂಪದ ಹಳೆಯ ಕೆಲಸ ಎಂದು ಅವನ್ನು ಹೊಗಳಿ ಬರೆದವನೂ ನಾನೇ. ರುದ್ರಪ್ಪನವರು ಅಲ್ಲಿಂದಲೇ ಅದೇ ಗಿರಿಜಾಕಲ್ಯಾಣವನ್ನು ಕೊಂಡು ತಂದರೆಂದು ಕೇಳಿದೆ. ತಿಮ್ಮಣ್ಣನವರು ಗೋಡೆಗಳಿಗೆ ಸುಣ್ಣ, ಕೆಮ್ಮಣ್ಣು ಬಳಿಯುತ್ತಿದ್ದುದನ್ನು ತರೀಕೆರೆಯಲ್ಲಿ ಒಮ್ಮೆ ಕಂಡೆ. ಗೆರೆ ನೂಲು ಹಿಡಿದಂತೆ ನೇರವಾಗಿತ್ತು. ನಾನು ಬೀದಿಯ ಆಚೆ ಪಕ್ಕಕ್ಕೆ ದಾಟಿಕೊಂಡೆ. ಅವರು ತೀರಿಕೊಂಡಾಗಲೂ ನಾನು ಬರಲಿಲ್ಲ.

ಇನ್ನೊಂದು ಉಳಿದಿದೆ. ವ್ಯಾಪಾರಿ ಬೇರೆಯವರಿಂದ ಕಣ್ಣು ಬರೆಸುವ ಮೊದಲೇ ಆ ಗಜಲಕ್ಷ್ಮಿಯನ್ನು ನಾನು ಕೇಳಿ ತಂದೆ. ನಮ್ಮ ಮನೆಯ ದೇವರ ಗೂಡಿನಲ್ಲಿದೆ. ಕಣ್ಣು ಬರೆಸೋಣ ಎಂದು ನನ್ನ ಹೆಂಡತಿ ಹೇಳಿದಾಗಲೆಲ್ಲ ಏನಾದರೊಂದು ನೆಪ ಹೇಳಿ ತಪ್ಪಿಸಿದ್ದೇನೆ. ನಿಮ್ಮ ತಂದೆಯ ಪದ್ಧತಿಯ ಮೇಲಿನ ಗೌರವ ಎಂದು ಬಹಳ ಕಾಲ ನನಗೆ ನಾನೇ ಹೇಳಿಕೊಂಡೆ. ಅಲ್ಲ. ಕಣ್ಣಿಲ್ಲದ ದೇವರಿಗೆ ದಿನಾ ಕೈಮುಗಿಯುವುದು ನನಗೆ ಅನುಕೂಲವಾಗಿತ್ತು.

ನೀವೀಗ ಸಿಂಗಟಗೆರೆಯಲ್ಲಿದ್ದೀರಿ, ಕುಂಚವನ್ನು ಬಿಟ್ಟಿಲ್ಲ ಎಂದು ಕೇಳಿದೆ. ಇದು ಅದೇ ಪತ್ರಿಕೆಯಲ್ಲಿ, ನನ್ನ ಹೆಸರಿನಲ್ಲೇ ಅಚ್ಚಾಗುತ್ತದೆ. ಆಮೇಲೆ ಬಂದು, ಪಟವನ್ನು ನಿಮ್ಮ ಜಗಲಿಯ ಮೇಲಿಟ್ಟು, ನೀವು ಒಳಗೆ ಕರೆಯುವವರೆಗೆ ಕಾಯುತ್ತೇನೆ. ನೀವು ಕರೆಯದೆಯೂ ಇರಬಹುದು.