ದೋನ್ ವೆನಾನ್ಸಿಯೋನ ಭಾನುವಾರ

ಅರೆಗುವಾ ಊರಿನಲ್ಲಿ ಹಾರ್ಪ್ ನುಡಿಸುವವರು ಏಳೆಂಟು ಜನ ಇದ್ದಾರೆ. ಉಗುರಿಗೆ ಬೆಳ್ಳುಳ್ಳಿ ತಿಕ್ಕಿಕೊಂಡು ಮಲಗುವವನು ಮಾತ್ರ ವೆನಾನ್ಸಿಯೋ ಒಬ್ಬನೇ. ನಮ್ಮ ಕಡೆ ಹಾರ್ಪನ್ನು ಬೆರಳ ತುದಿಯಿಂದಲ್ಲ, ಉಗುರಿನಿಂದ ನುಡಿಸುವುದು. ಉಗುರು ಹೋದರೆ ನಾದವೂ ಹೋದಂತೆಯೇ. ಐವತ್ತೆಂಟು ದಾಟಿದ ಮೇಲೆ ಅವನ ಉಗುರುಗಳು ಈರುಳ್ಳಿ ಸಿಪ್ಪೆಯಂತೆ ಪದರ ಪದರವಾಗಿ ಏಳತೊಡಗಿದ್ದವು. ಯಾರೋ ಬೆಳ್ಳುಳ್ಳಿ ಒಳ್ಳೆಯದು ಎಂದರು. ಅಂದಿನಿಂದ ಹೆಂಡತಿ ಒಬ್ದುಲಿಯಾಳ ಗೋಳು ಕೇಳುವವರಿಲ್ಲ.

"ಸುಡಕ್ಕೆ ರೆಡಿ ಮಾಡಿಟ್ಟ ಹಂದಿ ಪಕ್ಕ ಮಲಗಿದ ಹಾಗಾಗತ್ತೆ ನಂಗೆ," ಎನ್ನುತ್ತಿದ್ದಳು ಅವಳು. ಆದರೂ ಪಾತ್ರೆ ತೊಳೆಯುವುದು, ಮರಗೆಣಸು ಸುಲಿಯುವುದು, ಕೊನೆಗೆ ಅಂಗಿಯ ಗುಂಡಿ ಹಾಕುವುದನ್ನೂ ಗಂಡನಿಗೆ ಬಿಡದೆ ತಾನೇ ಮಾಡುತ್ತಿದ್ದಳು. ಆ ಉಗುರುಗಳಿಗೆ ಅವಳೂ ಇಪ್ಪತ್ತೊಂದು ವರ್ಷ ಸೇವೆ ಮಾಡಿದವಳೇ.

ಇಪ್ಪತ್ತೊಂದು ವರ್ಷ ಎಂದರೆ, ಕೆರೆಗೆ ಇಳಿಯುವ ರಸ್ತೆಯಲ್ಲಿ ದೊನ್ಯಾ ಎಲಾದಿಯಾ ನಡೆಸುವ ಸುಟ್ಟ ಮಾಂಸದ ಹೋಟೆಲಿನಲ್ಲಿ ವೆನಾನ್ಸಿಯೋ ಪ್ರತಿ ಭಾನುವಾರ ಮಧ್ಯಾಹ್ನ ಕೂತ ಕಾಲ. ಹದಿನಾಲ್ಕು ಮೇಜು, ಮಾವಿನ ಮರದ ನೆರಳು, ಒಂದು ಸ್ಟೂಲು. ಹೊರಗಿನವರಿಗೆ ಇದು ಏನೂ ಅಲ್ಲ. ಆದರೆ ಒಬ್ಬನೇ ಕೂತು ನುಡಿಸುವವನ ಕಷ್ಟ ದೊಡ್ಡ ತಂಡದವರಿಗೆ ಗೊತ್ತಿಲ್ಲ. ತಪ್ಪಿದರೆ ಮುಚ್ಚಿಹಾಕಲು ಪಕ್ಕದಲ್ಲಿ ಇನ್ನೊಬ್ಬ ಇರುವುದಿಲ್ಲ. ಅದಕ್ಕೇ ವೆನಾನ್ಸಿಯೋ ಎರಡು ಗಂಟೆ ಮುಂಚೆ ಹೋಗುತ್ತಿದ್ದ. ಒಲೆಯ ಕಾವಿಗೆ ಹಾರ್ಪ್ ಹೊಂದಿಕೊಳ್ಳುವ ತನಕ ಅದನ್ನು ಮುಟ್ಟದೆ ಕಾಯುತ್ತಿದ್ದ. ಆಮೇಲೆ ಮೂವತ್ತಾರು ತಂತಿಗಳನ್ನೂ ಒಂದೊಂದಾಗಿ ಶ್ರುತಿ ಮಾಡುತ್ತಿದ್ದ. ಯಾವ ಹಾಡು ಯಾವಾಗ ಎನ್ನುವುದನ್ನು ಅವನು ತಟ್ಟೆ ನೋಡಿ ತೀರ್ಮಾನಿಸುತ್ತಿದ್ದ. ಜನ ಹಸಿದು ಕೂತಾಗ ನಿಧಾನದ ಹಾಡು; ಮಾಂಸ ಬಂದಾಗ ಪೋಲ್ಕಾ, ಅಂದರೆ ಜೋರು ಕುಣಿತದ ಹಾಡು, ಏಕೆಂದರೆ ಚಾಕುಗಳ ಗಲಾಟೆಯಲ್ಲಿ ಮೆಲ್ಲಗಿನದು ಸತ್ತೇ ಹೋಗುತ್ತದೆ; ಹೊಟ್ಟೆ ತುಂಬಿ ಎಲ್ಲರೂ ಕುರ್ಚಿಗೆ ಒರಗಿದ ಮೇಲೆ ಅಳಿಸುವಂಥದ್ದು. ಈ ವಿದ್ಯೆಯನ್ನು ಅವನು ಯಾರಿಗೂ ಹೇಳಿಕೊಟ್ಟಿರಲಿಲ್ಲ.

ಒಂದು ಗುರುವಾರ ಎಲಾದಿಯಾ ಅವನನ್ನು ಕರೆಸಿ, ಕೊಂಬಿನ ಲೋಟದಲ್ಲಿ ತಣ್ಣನೆಯ ತೆರೆರೆ ಎಲೆಯ ಕಷಾಯ ಕೊಟ್ಟು, ಆ ಒಂದೇ ಲೋಟ ಇಬ್ಬರ ನಡುವೆ ಎರಡು ಸುತ್ತು ಬರುವ ತನಕ ಹವಾಮಾನದ ಮಾತಾಡಿದಳು. ಅಷ್ಟರಲ್ಲೇ ಏನೋ ಇದೆ ಎಂದು ವೆನಾನ್ಸಿಯೋಗೆ ಗೊತ್ತಾಯಿತು. ಎಲಾದಿಯಾ ಸುತ್ತಿ ಬಳಸಿ ಮಾತಾಡುವ ಹೆಂಗಸಲ್ಲ.

"ನಿಮಿಯಾ ವಾಪಸ್ ಬಂದಿದಾಳೆ, ಗೊತ್ತಲ್ಲ?" ಎಂದಳು ಕೊನೆಗೆ.

"ಗೊತ್ತು."

"ಈ ಭಾನುವಾರ ಅವಳು ಕೂತ್ಕೊಳ್ಳಲಿ ಅಂತಿದೀನಿ. ಒಂದ್ಸಲ ಕೇಳ್ತೀನಿ. ಆಮೇಲೆ ಭಾನುವಾರ ಯಾರಿಗೆ ಅಂತ ಹೇಳ್ತೀನಿ."

"ಇಬ್ರಿಗೂ ಒಂದೊಂದು ವಾರ ಅಂದ್ರೆ?"

"ಜನಕ್ಕೆ ಒಂದು ಮುಖ ಬೇಕು ದೋನ್ ವೆನಾನ್ಸಿಯೋ. ಈ ವಾರ ಯಾರು ಅಂತ ಫೋನ್ ಮಾಡಿ ಕೇಳ್ಕೊಂಡು ಯಾರೂ ಊಟಕ್ಕೆ ಬರಲ್ಲ. ಬೇಜಾರು ಮಾಡ್ಕೋಬೇಡ."

ಬೇಜಾರು! ಬೇಜಾರಾದರೆ ಎರಡು ದಿನದಲ್ಲಿ ಹೋಗುತ್ತದೆ. ಇದು ಹೊಟ್ಟೆಗೆ ಬೆಂಕಿ ಬಿದ್ದದ್ದು.

ನಿಮಿಯಾ ಹೊರಗಿನವಳಾಗಿದ್ದರೆ ಬೈದಾದರೂ ಬೈಯಬಹುದಿತ್ತು. ಹನ್ನೆರಡನೇ ವಯಸ್ಸಿನಲ್ಲಿ, ಅಜ್ಜನ ಹಳೆಯ ಹಾರ್ಪನ್ನು ಕೈಗಾಡಿಯಲ್ಲಿ ತಳ್ಳಿಕೊಂಡು ಅವನ ಮನೆ ಬಾಗಿಲಿಗೆ ಬಂದವಳು. ನಾಲ್ಕು ವರ್ಷ ಅವನೇ ಕಲಿಸಿದ. ಐದನೇ ವರ್ಷಕ್ಕೆ ಅವಳು ರಾಜಧಾನಿ ಅಸುನ್ಸಿಯೋನಿನ ಸಂಗೀತ ಶಾಲೆಗೆ ಹೋದಳು, ಈಗ ಇಪ್ಪತ್ತರಲ್ಲಿ ಮರಳಿ ಬಂದಿದ್ದಾಳೆ. ಗುರುವಿಗೇ ತಿರುಮಂತ್ರ ಎಂದು ವೆನಾನ್ಸಿಯೋ ಮನಸ್ಸಿನಲ್ಲೇ ಹಲ್ಲು ಕಡಿದ. ನಿಜ ಹೇಳಬೇಕೆಂದರೆ ಆ ಹುಡುಗಿ ತಿರುಮಂತ್ರ ಏನೂ ಹಾಕಿರಲಿಲ್ಲ. ಬಂದ ಮರುದಿನವೇ ಚಿಪಾ ರೊಟ್ಟಿಯ ಬುಟ್ಟಿ ಹಿಡಿದು ಮನೆಗೆ ಬಂದು, ಒಬ್ದುಲಿಯಾಳ ಜೊತೆ ಅಡುಗೆಮನೆಯಲ್ಲಿ ನಿಂತು ಪಾತ್ರೆ ತೊಳೆದಿದ್ದಳು. ವೆನಾನ್ಸಿಯೋನ ಕಣ್ಣು ಅವಳ ಕೈ ಮೇಲೆಯೇ. ಸೋಪಿನ ನೀರಿನಲ್ಲಿ ಅರ್ಧ ಗಂಟೆ ಮುಳುಗಿದ್ದರೂ ಆ ಉಗುರುಗಳು ಕೊಂಬಿನಂತೆ ಗಟ್ಟಿ! ಬೆಳ್ಳುಳ್ಳಿಯಿಲ್ಲ, ಎಣ್ಣೆಯಿಲ್ಲ, ಏನೂ ಇಲ್ಲ. ದೇವರು ಕೊಡುವುದಾದರೆ ಹೀಗೆ ಯಾಕೆ ಒಬ್ಬರಿಗೇ ಸುರಿಯಬೇಕು ಎಂದು ಆ ದಿನ ಅವನಿಗೆ ಅಳು ಬಂದಿತ್ತು.

ಶನಿವಾರ ಇಡೀ ಅವನು ಅವಳು ಸೋಲುವ ಬಗೆಗಳನ್ನೇ ಯೋಚಿಸಿದ. ದಕ್ಷಿಣದ ಗಾಳಿ ಎದ್ದು ತಂತಿಗಳೆಲ್ಲ ಸಡಿಲವಾಗಬಹುದು. ಗದ್ದಲದ ಮೇಜು ಹತ್ತಿರ ಬೀಳಬಹುದು. ಜ್ವರವೇ ಬರಬಹುದು.

"ಏನು ಗೊಣಗ್ತಿದೀಯ?" ಎಂದಳು ಒಬ್ದುಲಿಯಾ.

"ಪ್ರಾರ್ಥನೆ."

"ಯಾರ ಹೆಸರಲ್ಲಿ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಅವಳು ಒಳಗೆ ಹೋದಳು.

ಭಾನುವಾರ ಹತ್ತೂವರೆಗೆ ನಿಮಿಯಾ ಅಣ್ಣನ ಪಿಕಪ್ ಗಾಡಿಯಿಂದ ಹಾರ್ಪ್ ಇಳಿಸಿದಳು. ವೆನಾನ್ಸಿಯೋ ಅಡುಗೆಮನೆ ಬಾಗಿಲ ಪಕ್ಕದ ಮೇಜಿನಲ್ಲಿ, ಸಾವಿನ ಮನೆಗೆ ಬಂದವನಂತೆ ಕೂತಿದ್ದ. ಅವಳು ನೇರ ಅವನ ಬಳಿ ಬಂದು ಒಂದು ಕಬ್ಬಿಣದ ಕೀಲಿ ಮುಂದೆ ಹಿಡಿದಳು. ಅವಳ ಅಜ್ಜನ ಹಾರ್ಪ್ ಹಳೆ ಕಾಲದ್ದು, ಮರದ ಗೂಟಗಳದ್ದು. ಆ ಕೀಲಿಯಿಲ್ಲದೆ ಒಂದು ತಂತಿಯನ್ನೂ ಬಿಗಿಯಲಾಗದು, ಸಡಿಲಿಸಲಾಗದು.

"ಮೇಷ್ಟ್ರೇ, ನೀವೇ ಶ್ರುತಿ ಮಾಡ್ಕೊಡಿ."

"ಅಸುನ್ಸಿಯೋನಲ್ಲಿ ಅದನ್ನ ಕಲಿಸ್ಲಿಲ್ವಾ?"

"ಕಲಿಸಿದ್ರು. ಆದ್ರೆ ನೀವೇ ಹೇಳಿದ್ರಲ್ಲ, ಮೊದಲ ದಿನ ಗುರುವಿನ ಕೈಯೇ ಆಗ್ಬೇಕು ಅಂತ."

ಅದು ಅವನ ಮೇಷ್ಟ್ರ ಕಾಲದಿಂದ ಬಂದ ಪದ್ಧತಿ. ಶಿಷ್ಯರು ಮೊದಲ ಸಲ ಒಬ್ಬರೇ ಕೂರುವ ದಿನ ಶ್ರುತಿ ಮಾಡುವುದು ಗುರು. ಮೊದಲ ಹಾಡಿನ ತನಕ ಶಿಷ್ಯರು ತಂತಿ ಮುಟ್ಟುವಂತಿಲ್ಲ. ಕೊನೆಯ ಹಾಡಿನ ತನಕ ಕೀಲಿ ಗುರುವಿನ ಜೇಬಿನಲ್ಲೇ ಇರಬೇಕು.

ಅವನು ಹಾರ್ಪಿನ ಮುಂದೆ ಕೂತ. ಕೆಂಪು ತಂತಿ, ನೀಲಿ ತಂತಿ, ಬಿಳಿ ತಂತಿಗಳು. ಒಳ್ಳೆಯ ಹಾರ್ಪ್, ಅದಕ್ಕೂ ಅವನಿಗೆ ಹೊಟ್ಟೆ ಉರಿಯಿತು. ಮೂವತ್ತೈದು ತಂತಿಗಳನ್ನು ಅವನು ತನ್ನ ಹಾರ್ಪಿಗೂ ಮಾಡದಷ್ಟು ಚೆನ್ನಾಗಿ ಕೂಡಿಸಿದ. ಉಳಿದದ್ದು ನಟ್ಟನಡುವಿನ ಬಿಳಿ ತಂತಿ, ಎಲ್ಲ ಹಾಡುಗಳೂ ಸುತ್ತಾಡಿ ಮನೆಗೆ ಬರುವ ಹಾಗೆ ಬಂದು ನಿಲ್ಲುವ 'ಲಾ' ಸ್ವರದ್ದು. ಅದನ್ನೂ ಸರಿಯಾಗಿ ಕೂಡಿಸಿದ. ಆಮೇಲೆ ಕೀಲಿಯನ್ನು ಒಂದು ಕೂದಲೆಳೆಯಷ್ಟು ಹಿಂದಕ್ಕೆ ತಿರುವಿದ. ಸಾಲದು ಎನ್ನಿಸಿತು. ಇನ್ನೊಂದು ಎಳೆಯಷ್ಟು ತಿರುವಿ, ಕೀಲಿಯನ್ನು ಅಂಗಿಯ ಜೇಬಿಗೆ ಹಾಕಿಕೊಂಡು ಬಂದು ಕೂತ. ಮನಸ್ಸಿಗೆ ಆ ವಾರದಲ್ಲಿ ಮೊದಲ ಸಲ ಹಿತವಾಗಿತ್ತು.

ಹನ್ನೆರಡೂವರೆಗೆ ಮೇಜುಗಳು ತುಂಬಿದವು. ನಿಮಿಯಾ ನಿಧಾನದ ಹಾಡಿನಿಂದ ಶುರು ಮಾಡಿದಳು. ಹಸಿದವರಿಗೆ ನಿಧಾನದ ಹಾಡು. ಹೇಳಿಕೊಡದ ವಿದ್ಯೆಯನ್ನೂ ಹುಡುಗಿ ನೋಡಿ ನೋಡಿಯೇ ಎತ್ತಿಕೊಂಡಿದ್ದಳು. ನಾಲ್ಕನೇ ಸಾಲಿಗೆ ಅವಳ ಉಗುರು ಆ ಬಿಳಿ ತಂತಿಗೆ ತಾಗಿತು.

ಯಾರೂ ತಲೆ ಎತ್ತಲಿಲ್ಲ. ನಿಮಿಯಾ ಎತ್ತಿದಳು. ಅವನ ಮುಖ ನೋಡಿದಳು, ಕೀಲಿ ಉಬ್ಬಿಕೊಂಡಿದ್ದ ಜೇಬು ನೋಡಿದಳು. ಪದ್ಧತಿ ಏನೇ ಇರಲಿ, ಎಲ್ಲರೆದುರು ಕೀಲಿ ಕೇಳಿದ್ದರೆ ಅವನು ಕೊಡಲೇಬೇಕಿತ್ತು. ಹಾಗೆ ಕೇಳಿದ್ದರೆ ಹದಿನಾಲ್ಕು ಮೇಜುಗಳಿಗೂ ದೋನ್ ವೆನಾನ್ಸಿಯೋಗೆ ಶ್ರುತಿ ಮಾಡಲು ಬರುವುದಿಲ್ಲ ಎಂದು ಗೊತ್ತಾಗುತ್ತಿತ್ತು. ಅವಳು ಕೇಳಲಿಲ್ಲ. ಅವನು ತಲೆ ತಗ್ಗಿಸಿ ತಟ್ಟೆಯ ಮರಗೆಣಸನ್ನು ಚಾಕುವಿನಿಂದ ಕೊಚ್ಚತೊಡಗಿದ.

ಆಮೇಲೆ ಅವಳು ಆ ತಂತಿಯನ್ನು ಮುಟ್ಟಲೇ ಇಲ್ಲ.

ಸುಮ್ಮನೆ ಬಿಟ್ಟುಬಿಟ್ಟಳು ಎಂದಲ್ಲ, ಹಾಗೆ ಬಿಟ್ಟರೆ ಹಾಡೇ ಕುಂಟುತ್ತದೆ. ಆ ಸ್ವರ ಬರುವ ಕಡೆಯಲ್ಲೆಲ್ಲ ರಾಗವನ್ನು ಒಮ್ಮೆ ಮೇಲಿನ ಲಾಗೆ ಏರಿಸಿದಳು, ಒಮ್ಮೆ ಕೆಳಗಿನದಕ್ಕೆ ಇಳಿಸಿದಳು, ಮೊದಲಿಂದಲೂ ಅಲ್ಲಿಗೇ ಹೋಗಬೇಕಿತ್ತು ಎನ್ನುವ ಹಾಗೆ. ಮಾಂಸ ಬಂದಾಗ ಪೋಲ್ಕಾ ಎತ್ತಿದಳು. ಈಗ ಸಿಕ್ಕಿಬಿದ್ದಳು ಎಂದುಕೊಂಡ ವೆನಾನ್ಸಿಯೋ. ಆ ವೇಗದಲ್ಲಿ ಒಂದು ತಂತಿ ತಪ್ಪಿಸುವುದು ಮನುಷ್ಯರಿಂದ ಆಗದ ಕೆಲಸ. ಅವಳು ತಪ್ಪಿಸಿದಳು. ಹಲ್ಲು ಬಿದ್ದ ಜಾಗಕ್ಕೇ ನಾಲಿಗೆ ಹೋಗುವ ಹಾಗೆ ಅವನ ಕಿವಿ ಆ ತಂತಿಗೇ ಹೋಗಿ ಹೋಗಿ ಕಾಯುತ್ತಿತ್ತು, ಅದು ಮಾತ್ರ ಸದ್ದೇ ಮಾಡಲಿಲ್ಲ. ಎಂಟು ಹಾಡುಗಳು, ಒಂದು ಗಂಟೆ ಹತ್ತು ನಿಮಿಷ. ಕೊನೆಯದಕ್ಕೆ ಅವನ ಕಣ್ಣು ಒದ್ದೆಯಾಯಿತು, ಸಂತೋಷಕ್ಕಲ್ಲ, ಅಸೂಯೆಗೆ. ತನ್ನ ಇಡೀ ಆಯುಸ್ಸಿನಲ್ಲಿ, ಉಗುರುಗಳು ಗಟ್ಟಿಯಿದ್ದ ದಿನಗಳಲ್ಲೂ, ತನ್ನಿಂದ ಇದು ಆಗುತ್ತಿರಲಿಲ್ಲ ಎಂದು ಅವನಿಗೆ ಆಗ ಖಚಿತವಾಯಿತು.

ಚಪ್ಪಾಳೆ ಮುಗಿದ ಮೇಲೆ ಅವಳು ಬಂದು ಕೈ ಚಾಚಿದಳು. ಅವನು ಕೀಲಿ ಕೊಟ್ಟ.

"ಗಾಳಿ ಬದಲಾಯ್ತು ಅನ್ಸತ್ತೆ ಮೇಷ್ಟ್ರೇ," ಎಂದಳು ಮೆಲ್ಲಗೆ. "ನಡುವಿನ ಲಾ ಸ್ವಲ್ಪ ಇಳಿದಿತ್ತು."

ಮಾವಿನ ಮರದ ಒಂದು ಎಲೆಯೂ ಅಲುಗುತ್ತಿರಲಿಲ್ಲ. ಅವಳು ಊರ ರೂಢಿಯಂತೆ ಅವನ ಕೆನ್ನೆಗೆ ಕೆನ್ನೆ ತಾಗಿಸಿ, ಹಾರ್ಪನ್ನು ಗಾಡಿಗೆ ಕಟ್ಟಲು ಅಣ್ಣನ ಕಡೆ ಹೋದಳು. ಬೈದಿದ್ದರೆ ಅವನು ತಡೆದುಕೊಳ್ಳುತ್ತಿದ್ದ. ದೊಡ್ಡತನದಲ್ಲೂ ಅವಳೇ ಮುಂದೆ ಎಂದರೆ ಹೇಗೆ ತಡೆದುಕೊಳ್ಳುವುದು?

ಸುತ್ತ ಹೊಗಳಿಕೆಯೋ ಹೊಗಳಿಕೆ. "ಎಂಥಾ ನಗು ಆ ಹುಡುಗೀದು!" ಎಂದಳು ಒಬ್ಬಳು. "ಆ ಜಡೆ ನೋಡ್ದ್ಯಾ?" ಎಂದಳು ಇನ್ನೊಬ್ಬಳು. ಅಸುನ್ಸಿಯೋನಿನ ದಪ್ಪನೆಯ ಗೃಹಸ್ಥನೊಬ್ಬ ಹಲ್ಲು ಕಡ್ಡಿ ಹಿಡಿದು ಬಂದು ವೆನಾನ್ಸಿಯೋನ ಬೆನ್ನು ತಟ್ಟಿದ.

"ನಿಮ್ಮ ಶಿಷ್ಯೆಯಂತೆ? ಚೆನ್ನಾಗಿತ್ತು. ಆ ನೀಲಿ ಲಂಗ ಅವಳಿಗೆ ತುಂಬಾ ಒಪ್ಪತ್ತೆ."

ಲಂಗ! ಕತ್ತೆಗೇನು ಗೊತ್ತು ಕಸ್ತೂರಿ ಪರಿಮಳ. ವೆನಾನ್ಸಿಯೋಗೆ ಆ ಮನುಷ್ಯನ ಕತ್ತಿನ ಪಟ್ಟಿ ಹಿಡಿಯಬೇಕೆನ್ನಿಸಿತು. ಕಣ್ಣೆದುರು ಅಂಥದ್ದೊಂದು ನಡೆದುಹೋಗಿದೆ, ಇವರು ಜಡೆ ನೋಡಿದ್ದಾರೆ, ಲಂಗ ನೋಡಿದ್ದಾರೆ!

ಎಲಾದಿಯಾ ಮಾಂಸ ಕೊಯ್ಯುವ ಚಾಕು ಒರೆಸುತ್ತ ಬಂದು ಅವನೆದುರು ಕೂತಳು.

"ನಂದು ಒಲೆ ಮುಂದೆ ನಿಲ್ಲೋಳ ಕಿವಿ. ಜನಕ್ಕೇನೋ ಇಷ್ಟ ಆಯ್ತು. ಆದ್ರೆ ನನಗೆ ಯಾಕೋ ಎರಡು ಹಾಡು ಬೇರೆ ಥರ ಕೇಳಿಸ್ತು, ನೀನು ನುಡಿಸೋ ಹಾಗಿರ್ಲಿಲ್ಲ. ತಪ್ಪು ಮಾಡಿದ್ಲಾ? ನೀನು ಹೇಳು. ನೀನು ಹೂಂ ಅಂದ್ರೆ ಭಾನುವಾರ ನಿನ್ನದೇ, ಮಾತು ಮುಗೀತು."

ಒಂದು 'ಹೂಂ' ಸಾಕಿತ್ತು. ತಪ್ಪು ಮಾಡಿದಳು, ರಾಗವನ್ನು ಎಲ್ಲೆಲ್ಲಿಗೋ ಒಯ್ದಳು ಎಂದರೆ ಅದರಲ್ಲಿ ಸುಳ್ಳೂ ಇರಲಿಲ್ಲ. ಅವನು ಬಾಯಿಯನ್ನೂ ತೆರೆದ.

"ತಪ್ಪಾ? ಒಂದು ತಂತಿ ಇಲ್ದೆ ಎಂಟು ಹಾಡು ನುಡಿಸಿದ್ಲು ದೊನ್ಯಾ. ನಡುವಿನ ತಂತಿ. ನಮ್ಮ ದೇಶದಲ್ಲಿ ಅದನ್ನ ಮಾಡೋರು ಇಬ್ರೋ ಮೂವರೋ ಇರ್ಬಹುದು. ನಾನಂತೂ ಅಲ್ಲ."

"ಇಲ್ದೆ ಅಂದ್ರೆ? ತಂತಿ ಇತ್ತಲ್ಲ?"

"ಇತ್ತು. ನಾನು ಇಳಿಸಿದ್ದೆ."

ಎಲಾದಿಯಾ ಚಾಕು ಒರೆಸುವುದನ್ನು ನಿಲ್ಲಿಸಿದಳು.

"ಬೇಕಂತ?"

"ಬೇಕಂತಲೇ. ಹೊಟ್ಟೆಕಿಚ್ಚಿಗೆ. ಈಗಲೂ ಉರೀತಿದೆ, ಹೋಗಿಲ್ಲ."

"ಮತ್ತೆ ಯಾಕೆ ಹೇಳ್ದೆ, ಮಾರಾಯ? ನಾನು ಕೇಳಿದ್ದು ಹೂಂ, ಉಹೂಂ ಅಷ್ಟೇ. ಇದು ಹೊರಗೆ ಬಿದ್ರೆ ಈ ಊರಲ್ಲಿ ನಿನ್ನ ಕೈಗೆ ಯಾರಾದ್ರೂ ಮಗು ಕೊಟ್ಟು ಕಲಿಸು ಅಂತಾರಾ?"

ವೆನಾನ್ಸಿಯೋ ಆ ದಪ್ಪನೆಯವನ ಕಡೆ ನೋಡಿದ. ಅವನು ಇನ್ನೂ ಯಾರಿಗೋ ಲಂಗದ ಸಂಗತಿ ಹೇಳುತ್ತಿದ್ದ.

"ಹೇಳ್ದೇ ಇದ್ರೆ ಅವಳು ಇವತ್ತು ಏನು ಮಾಡಿದ್ಲು ಅಂತ ಯಾರಿಗೂ ಗೊತ್ತಾಗಲ್ವಲ್ಲ ದೊನ್ಯಾ," ಎಂದ.