ಕೈ ತೊಡೆಯ ಮೇಲಿಡಲು ಕಲಿಸಿದ ಟೈಪಿಂಗ್ ಟೀಚರ್

ಅವರ ಬಲಗೈಯ ಕಿರುಬೆರಳು ಉಳಿದ ನಾಲ್ಕರ ಜೊತೆ ಸೇರುತ್ತಿರಲಿಲ್ಲ. ಟೀ ಲೋಟ ಹಿಡಿದಾಗಲೂ, ಯಾರಿಗಾದರೂ ನಮಸ್ಕಾರ ಮಾಡುವಾಗಲೂ ಅದೊಂದು ಮಾತ್ರ ಹೊರಗೆ ಬಾಗಿ, ಏನನ್ನೋ ಒತ್ತಲು ಕಾಯುತ್ತಿರುವಂತೆ ನಿಂತಿರುತ್ತಿತ್ತು. ಟೈಪ್‌ರೈಟರಿನ ಶಿಫ್ಟ್ ಕೀ ಒತ್ತಿ ಒತ್ತಿ ಹಾಗಾದದ್ದಂತೆ. ನಾಪೋಕ್ಲು ಪೇಟೆಯಲ್ಲಿ, ಮಹಡಿ ಮೇಲಿನ ಒಂದು ಉದ್ದ ಕೋಣೆಯಲ್ಲಿ ಅವರ ಟೈಪಿಂಗ್ ಇನ್‌ಸ್ಟಿಟ್ಯೂಟ್ ಇತ್ತು. ನಮ್ಮ ಸುತ್ತಿನಲ್ಲಿ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಕೆಲಸಕ್ಕೋ, ಮಡಿಕೇರಿಯ ಯಾವುದೋ ಆಫೀಸಿಗೋ ಸೇರಿದವರೆಲ್ಲ ಒಂದು ಕಾಲದಲ್ಲಿ ಆ ಮರದ ಮೆಟ್ಟಿಲು ಹತ್ತಿ ಇಳಿದವರೇ.

ನಾನು ಹತ್ತಿದ್ದು ಹದಿನೇಳನೇ ವಯಸ್ಸಿನಲ್ಲಿ. ಟೀಚರ್ ಹೇಳಿಕೊಟ್ಟ ಮೊದಲ ಪಾಠದಲ್ಲಿ ಒಂದು ಅಕ್ಷರವೂ ಇರಲಿಲ್ಲ. "ಕೈ ತೊಡೆ ಮೇಲೆ" ಎನ್ನುತ್ತಿದ್ದರು. ಯಂತ್ರದ ಎದುರು ಬೆನ್ನು ನೆಟ್ಟಗೆ ಮಾಡಿ, ಎರಡೂ ಕೈ ತೊಡೆಯ ಮೇಲಿಟ್ಟು, ಎದುರಿನ ಹಾಳೆ ಪೂರ್ತಿ ಓದಬೇಕು. ಅವರು ಮರದ ಸ್ಕೇಲಿನಿಂದ ಮೇಜಿಗೆ ಒಮ್ಮೆ ತಟ್ಟಿದ ಮೇಲೆ ಕೈ ಎತ್ತಬಹುದು. ಎಂಟು ಜನರ ತಂಡದಲ್ಲಿ ಏಳು ಜನಕ್ಕೆ ಇದು ಸುಲಭವಾಗಿತ್ತು. ತಪ್ಪಾದರೆ ಎಂಬ ಹೆದರಿಕೆಗೇ ನನ್ನ ಕೈ ಮೊದಲೇ ಹಾರಿ, ತಪ್ಪನ್ನೇ ಒತ್ತಿ ಬರುತ್ತಿತ್ತು. ಸ್ಕೇಲು ನನ್ನ ಕೈಯ ಪಕ್ಕ, ಬೆರಳಿಗೆ ಒಂದು ಕೂದಲಿನಷ್ಟು ದೂರದಲ್ಲಿ ಬೀಳುತ್ತಿತ್ತು. ಕೈ ಮೇಲೆ ಮಾತ್ರ ಒಮ್ಮೆಯೂ ಬೀಳಲಿಲ್ಲ.

"ನಿನಗಿಂತ ಮುಂಚೆ ನಿನ್ನ ಕೈಗೆ ಹೆದರಿಕೆ ಆಗ್ತದೆ ಮಾರಾಯ" ಎಂದಿದ್ದರು ಒಮ್ಮೆ.

ಈಗ ನನಗೆ ಐವತ್ತು ದಾಟಿದೆ. ಹೆದರಿಕೆ ನನ್ನ ಜೊತೆಗೇ ಬೆಳೆದು, ಈಗ ನನಗಿಂತ ಚೆನ್ನಾಗಿದೆ. ಬಸ್ಸಿಗೆ ಹೊರಟವನು ಅರ್ಧ ದಾರಿಯಿಂದ ವಾಪಸು ಬಂದು ಗ್ಯಾಸ್ ಆಫ್ ಆಗಿದೆಯಾ ನೋಡುತ್ತೇನೆ. ಆಫ್ ಆಗಿರುತ್ತದೆ, ಬಸ್ಸು ಹೋಗಿರುತ್ತದೆ. ಎಲ್ಲಕ್ಕಿಂತ ಹೆಚ್ಚಿನದು ಸಿಡಿಲಿನ ಭಯ. ನಮ್ಮ ಕಕ್ಕಬೆ ಕಡೆ ಮಾರ್ಚ್ ಕಳೆದು ಕಾಫಿ ಗಿಡ ಅರಳಿಸುವ ಹೂ ಮಳೆ ಶುರುವಾಯಿತೆಂದರೆ, ಬೆಟ್ಟದ ಹಿಂದೆ ಒಂದು ಗುಡುಗು ಕೇಳಿದ ಕೂಡಲೇ ಮನೆಯ ಪ್ಲಗ್ಗುಗಳನ್ನೆಲ್ಲ ಕೀಳುವುದು ಎಲ್ಲರೂ ಮಾಡುವ ಕೆಲಸ. ಟಿವಿಯೋ ಫ್ರಿಜ್ಜೋ ಸಿಡಿಲಿಗೆ ಹೋದ ಕತೆ ಪ್ರತಿ ಮನೆಯಲ್ಲೂ ಒಂದಿದೆ. ಆದರೆ ಪಕ್ಕದ ಮನೆಯ ಅಟ್ಟದಲ್ಲಿ ಯಾರಾದರೂ ಮಂಚ ಎಳೆದರೂ ನಾನು ಪ್ಲಗ್ ಕೀಳುತ್ತೇನೆ ಎಂದು ನನ್ನ ಹೆಂಡತಿಯ ದೂರು. ಒಮ್ಮೆ ಕಿತ್ತದ್ದು ನಿಜ.

ನಾನು ಕಲಿತು ಹೋದ ಕೆಲವು ವರ್ಷಗಳಲ್ಲಿ ಟೈಪ್‌ರೈಟರಿನ ಕಾಲ ಮುಗಿಯಿತು. ಟೀಚರ್ ಅವುಗಳಿಗೆಲ್ಲ ಬಟ್ಟೆಯ ಮುಸುಕು ಹೊಲಿದು, ಗೋಡೆಗೆ ಸರಿಸಿ ಸಾಲಾಗಿ ಇಟ್ಟರು. ಆಮೇಲೆ, ಬೇರೆಯವರು ಮೊಮ್ಮಕ್ಕಳನ್ನು ಆಡಿಸುವ ವಯಸ್ಸಿನಲ್ಲಿ, ಕಂಪ್ಯೂಟರ್ ಕಲಿತರು. ಮೊದಲು ಅರ್ಜಿ ಟೈಪ್ ಮಾಡಿಕೊಡಲು, ನಂತರ ರಿಪೇರಿಗೆ. ಅವರ ರಿಪೇರಿಗೊಂದು ಪದ್ಧತಿ ಇತ್ತು. ತಾವು ಕೀಬೋರ್ಡ್ ಮುಟ್ಟುತ್ತಿರಲಿಲ್ಲ. ತಂದವನನ್ನೇ ಕುರ್ಚಿಯಲ್ಲಿ ಕೂರಿಸಿ, ಹಿಂದೆ ನಿಂತು ಹೇಳುತ್ತಿದ್ದರು. "ನಾನು ಒತ್ತಿದ್ರೆ ನಂಗೆ ಬರ್ತದೆ. ನಿಂಗೆ ಎಂತ ಬಂತು?"

ಇನ್ನು ನನ್ನ ಕಂಪ್ಯೂಟರಿನ ವಿಷಯ. ಅದರೊಳಗೆ ಇದ್ದದ್ದು ಮಳೆ.

ನನ್ನ ಅಪ್ಪ ನಲವತ್ತು ವರ್ಷ, ದಿನಾ ಬೆಳಿಗ್ಗೆ ಎಂಟಕ್ಕೆ, ಅಂಗಳದ ಮಳೆಮಾಪಕದ ನೀರನ್ನು ಗಾಜಿನ ಅಳತೆಗೆ ಸುರಿದು ಇಂಚು, ಇಂಚಿನ ನೂರನೇ ಪಾಲಾದ ಸೆಂಟ್ ಬರೆದಿಟ್ಟವರು. ಕೊಡಗಿನಲ್ಲಿ ಕಾಫಿ ಇರುವ ಮನೆಗಳಲ್ಲಿ ಇದು ಹಲ್ಲುಜ್ಜಿದಷ್ಟು ಸಹಜ. ಇಬ್ಬರು ಭೇಟಿಯಾದರೆ ಕ್ಷೇಮಕ್ಕಿಂತ ಮೊದಲು "ನಿಮ್ಮಲ್ಲೆಷ್ಟು?" ಎಂದೇ ಕೇಳುವುದು. ಮಳೆ ಬಾರದ ದಿನ ಅಪ್ಪ ಸೊನ್ನೆ ಬರೆಯುತ್ತಿದ್ದರು. ಖಾಲಿ ಬಿಟ್ಟರೆ ನೋಡಲು ಮರೆತೆ ಅಂತ ಅರ್ಥ, ಸೊನ್ನೆ ಬರೆದರೆ ಹೋಗಿ ನೋಡಿದ್ದೇನೆ ಅಂತ ಅರ್ಥ ಎನ್ನುತ್ತಿದ್ದರು. ಪಕ್ಕದಲ್ಲೊಂದು ಷರಾ ಕಾಲಂ. ಹಸು ಕರು ಹಾಕಿತು, ಸೇತುವೆ ಮುಳುಗಿದೆ, ಇಂಥವು. ಅವರು ತೀರಿಕೊಂಡ ಮೇಲೆ ರಿಜಿಸ್ಟರುಗಳಿಗೆ ಗೆದ್ದಲು ಹತ್ತಿತು. ಓದಲು ಬರುವಷ್ಟು ಇರುವಾಗಲೇ ಮೂರು ಬೇಸಿಗೆ ಕೂತು ಅಷ್ಟನ್ನೂ ಕಂಪ್ಯೂಟರಿಗೆ ಟೈಪ್ ಮಾಡಿದೆ. ಮುಗಿಯುವ ಹೊತ್ತಿಗೆ ಪುಸ್ತಕಗಳಲ್ಲಿ ರಟ್ಟು ಮಾತ್ರ ಉಳಿದಿತ್ತು. ಚಿಂತೆಯ ಮನುಷ್ಯನಾದ್ದರಿಂದ ಒಂದು ಪೆನ್‌ಡ್ರೈವಿಗೂ ಹಾಕಿ, ಯಾರ ಕೈಗೂ ಸಿಗದ ಜಾಗದಲ್ಲಿ ಜೋಪಾನವಾಗಿ ಇಟ್ಟೆ. ನನ್ನ ಕೈಗೂ ಸಿಗಲಿಲ್ಲ.

ಅಷ್ಟರಲ್ಲಿ ಹಳೆಯ ಆಪರೇಟಿಂಗ್ ಸಿಸ್ಟಮ್‌ಗೆ ಇನ್ನು ರಕ್ಷಣೆ ಇಲ್ಲ, ಹೊಸದಕ್ಕೆ ಬದಲಾಗಿ ಎಂದು ಪರದೆ ದಿನಾ ಎಚ್ಚರಿಸತೊಡಗಿತು. ಎಚ್ಚರಿಕೆ ಎಂದರೆ ಕೇಳಬೇಕೆ. ಒಂದು ಏಪ್ರಿಲಿನ ಬೆಳಿಗ್ಗೆ ಬದಲಾಯಿಸಿದೆ. ಅಲ್ಲಿಂದ ಯಂತ್ರ ಕೆಸರಿನಲ್ಲಿ ಹೂತ ಜೀಪಿನ ಹಾಗಾಯಿತು. ಸದ್ದು ಇದೆ, ಮುಂದೆ ಹೋಗುವುದಿಲ್ಲ. ಮೌಸ್ ಅಲ್ಲಾಡಿಸಿದರೆ ಬಾಣ ಒಂದು ನಿಮಿಷ ಯೋಚಿಸಿ ಚಲಿಸುತ್ತಿತ್ತು. ಮಳೆಯ ಫೈಲ್ ತೆರೆಯಲು ಹೋದರೆ ಪರದೆಯೆಲ್ಲ ಬಿಳಿ. ನಾಲ್ಕು ದಿನ ನನಗೆ ಊಟ ಸೇರಲಿಲ್ಲ. ಐದನೆಯ ದಿನ ಸಿಪಿಯುವನ್ನು ಹಳೆಯ ಬೆಡ್‌ಶೀಟಿನಲ್ಲಿ ಸುತ್ತಿ, ಮಡಿಲಲ್ಲಿಟ್ಟುಕೊಂಡು ನಾಪೋಕ್ಲಿನ ಬಸ್ಸು ಹತ್ತಿದೆ.

ಪಕ್ಕದಲ್ಲಿ ಕೂತ ಅಜ್ಜಿ ಗಂಟನ್ನೇ ನೋಡುತ್ತಿದ್ದರು. "ಎಂತ ಅದು?"

"ಕಂಪ್ಯೂಟರ್ ಅಜ್ಜಿ. ಹುಷಾರಿಲ್ಲ. ತುಂಬ ನಿಧಾನ ಆಗಿದೆ."

"ನಮ್ಮ ಯಜಮಾನರದ್ದೂ ಅದೇ" ಎಂದರು. "ಬಸ್ಸಲ್ಲಿ ಕರ್ಕೊಂಡು ಹೋಗುವ ಹಾಗಿಲ್ಲ."

ಟೀಚರ್ ಆಗ ಎಪ್ಪತ್ತರ ಹತ್ತಿರ ಇದ್ದರು. ಅವರ ಪರದೆಗೆ ನನ್ನ ಪೆಟ್ಟಿಗೆ ಜೋಡಿಸಿ, ನನ್ನನ್ನು ಕೂರಿಸಿ, ತಾವು ಹಿಂದೆ ಸ್ಟೂಲ್ ಎಳೆದುಕೊಂಡು ಮೊರದಲ್ಲಿ ಹಲಸಿನ ಬೀಜ ಸುಲಿಯಲು ಕೂತರು.

"ಬದಲಾಯಿಸಿದ ಮೇಲೆ ಎಂತೆಂತ ಮಾಡಿದೆ? ಸುಳ್ಳು ಹೇಳ್ಬೇಡ."

"ಏನೂ ಇಲ್ಲ ಟೀಚರ್. ವೈರಸ್ ಇರಬಹುದು ಅಂತ ಆಂಟಿವೈರಸ್ ಹಾಕಿದೆ."

"ಒಂದೇ?"

"ಮೂರು."

"ಮತ್ತೆ?"

"ಸ್ಪೀಡ್ ಮಾಡ್ತದೆ ಅಂತ ಇನ್ನೊಂದು."

"ಆಫ್ ಎಷ್ಟು ಸಲ ಮಾಡಿದೆ?"

"ಸಿಕ್ಕಿಹಾಕೊಂಡಾಗ, ಗುಡುಗು ಬಂದಾಗ. ಐದಾರು ಸಲ."

"ಒಟ್ಟಾ?"

"ದಿನಕ್ಕೆ."

ಟೀಚರ್ ಸ್ಟೂಲನ್ನು ಪರದೆಗೆ ಇನ್ನೂ ಹತ್ತಿರ ಎಳೆದುಕೊಂಡರು.

ಆಮೇಲೆ ಅವರು ಹೇಳಿದ ಗುಂಡಿಗಳನ್ನು ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆದೆ. ಯಂತ್ರದೊಳಗೆ ಆ ಹೊತ್ತು ಯಾರ್ಯಾರು ಕೆಲಸ ಮಾಡುತ್ತಿದ್ದಾರೆ ಎನ್ನುವ ಹಾಜರಿ ಪಟ್ಟಿ ಅದು. ಡಿಸ್ಕಿನ ಎದುರು ನೂರಕ್ಕೆ ನೂರು ಎಂದಿತ್ತು. ನನ್ನ ಶಾಲೆಯ ದಿನಗಳಲ್ಲೂ ಕಾಣದ ಅಂಕ.

"ನೋಡು, ಇದು ಕೆಟ್ಟಿಲ್ಲ. ಕೆಲಸ ಮಾಡ್ತಾ ಉಂಟು" ಎಂದರು. "ಹೊಸ ಸಿಸ್ಟಮ್ ಬಂದ ಮೇಲೆ ಇರುವ ಫೈಲನ್ನೆಲ್ಲ ಒಮ್ಮೆ ಓದಿ ಪಟ್ಟಿ ಮಾಡ್ಬೇಕು, ಉಳಿದ ಅಪ್‌ಡೇಟ್ ಇಳಿಸ್ಬೇಕು. ಡಿಸ್ಕ್ ಹಳೇದು, ಸಮಯ ಬೇಕು. ನೀನು ನಡುವೆ ಕಿತ್ತರೆ ಮತ್ತೆ ಮೊದಲಿಂದ. ಮೋಡ ಕಂಡಾಗೆಲ್ಲ ಕಣದ ಕಾಫಿ ಗುಡಿಸಿ ಗುಡ್ಡೆ ಹಾಕಿದ್ರೆ ಒಣಗೋದು ಯಾವಾಗ?"

ಅವರು ಹೇಳಿದಂತೆ ಎರಡು ಆಂಟಿವೈರಸ್ಸನ್ನೂ, ಸ್ಪೀಡಿನದ್ದನ್ನೂ ತೆಗೆದೆ. ಒಂದು ಗೇಟಿಗೆ ಮೂರು ವಾಚ್‌ಮ್ಯಾನ್ ಇದ್ದರೆ ಒಬ್ಬರನ್ನೊಬ್ಬರು ತಡೆದು ವಿಚಾರಿಸುವುದರಲ್ಲೇ ದಿನ ಹೋಗುತ್ತದಂತೆ. ಮಳೆಯ ಫೈಲನ್ನು ಟೀಚರ್ ಕೊಟ್ಟ ಪೆನ್‌ಡ್ರೈವಿಗೆ ಕಾಪಿ ಕೊಟ್ಟೆ. ಹಸಿರು ಪಟ್ಟಿ ಒಂದು ಕಾಳಿನಷ್ಟು ಮೂಡಿ ನಿಂತುಬಿಟ್ಟಿತು. ನನ್ನ ಕೈ ತಾನಾಗಿ ಪವರ್ ಬಟನ್ ಕಡೆ ಹೋಯಿತು.

"ಕೈ ತೊಡೆ ಮೇಲೆ."

ಇಟ್ಟೆ. ಮೂವತ್ತು ವರ್ಷಗಳ ನಂತರವೂ ಅದು ಆಜ್ಞೆಯೇ.

ಮೂರು ಗಂಟೆಯ ಸುಮಾರಿಗೆ ಕಿಟಕಿ ಕಪ್ಪಾಯಿತು. ದೂರದಲ್ಲಿ ಗುಡುಗಿತು. ಎರಡನೆಯದು ಹತ್ತಿರವೇ, ಮುಸುಕು ಹೊದ್ದ ಟೈಪ್‌ರೈಟರುಗಳೆಲ್ಲ ಸಣ್ಣಗೆ ಟಿಣ್ ಎನ್ನುವಷ್ಟು. ನಾನು ಯಾವಾಗ ಮೇಜಿನಡಿ ತೂರಿದೆನೋ ನನಗೇ ಗೊತ್ತಿಲ್ಲ. ಬೆರಳು ಕಂಪ್ಯೂಟರಿನ ಪ್ಲಗ್ಗಿನ ಮೇಲಿತ್ತು. ಮೇಜಿನ ಮೇಲೆ ಸ್ಕೇಲು ಫಟ್ ಎಂದು ಬಿತ್ತು.

"ಟೀಚರ್, ಸಿಡಿಲು. ಅಪ್ಪನ ಮಳೆ ಪೂರ್ತಿ ಇದರಲ್ಲೇ ಇದೆ. ಬೇರೆ ಎಲ್ಲೂ ಇಲ್ಲ."

ಅದುವರೆಗೆ ಅವರಿಗೆ ಅದನ್ನು ಹೇಳಿರಲಿಲ್ಲ. ಬೈಯುತ್ತಾರೆ ಅಂದುಕೊಂಡೆ. ಅವರು ಮೊರ ಕೆಳಗಿಟ್ಟು ಎದ್ದು, ಗೋಡೆಯ ಹತ್ತಿರ ಹೋಗಿ, ಕಂಪ್ಯೂಟರಿಗೆ ಕರೆಂಟ್ ಕೊಡುತ್ತಿದ್ದ ಇನ್ವರ್ಟರಿನ ಪ್ಲಗ್ಗನ್ನು ಗೋಡೆಯಿಂದ ಕಿತ್ತರು. ಇಂಟರ್ನೆಟ್ಟಿನ ವಯರನ್ನೂ ಕಳಚಿದರು. ಕಂಪ್ಯೂಟರ್ ನಿಲ್ಲಲಿಲ್ಲ. ಬ್ಯಾಟರಿಯ ಮೇಲೆ ಓಡುತ್ತಲೇ ಇತ್ತು.

"ಈಗ ಹೊರಗಿನ ಲೈನಿಗೂ ಇದಕ್ಕೂ ಸಂಬಂಧ ಇಲ್ಲ. ಎದ್ದು ಬಾ" ಎಂದರು. "ನಿನ್ನ ಹೆದರಿಕೆ ತಪ್ಪಲ್ಲ. ಕೀಳುವ ಪ್ಲಗ್ಗು ತಪ್ಪು."

ನಾನು ಮಂಡಿಯ ಧೂಳು ಕೊಡವಿ ಕುರ್ಚಿಯಲ್ಲಿ ಕೂತೆ. ಹೆದರಬೇಡ ಎಂದು ಹೇಳಿದವರು ನನ್ನ ಬದುಕಿನಲ್ಲಿ ಬೇಕಾದಷ್ಟು ಜನ ಇದ್ದಾರೆ, ಅದರಿಂದ ಒಂದು ಗುಲಗಂಜಿಯಷ್ಟೂ ಉಪಯೋಗವಾಗಿಲ್ಲ. ಹೆದರಿಕೊಂಡೇ ಸರಿಯಾದ ಪ್ಲಗ್ ಕೀಳಬಹುದು ಎಂದು ತೋರಿಸಿದವರು ಅವರೊಬ್ಬರೇ.

ಹೊರಗೆ ಒಂದೂವರೆ ಗಂಟೆ ಸುರಿಯಿತು. ಒಳಗೆ ಡಿಸ್ಕಿನ ನೂರು ಎಂಬತ್ತಾಯಿತು, ಮತ್ತೆ ನೂರಾಯಿತು, ಐವತ್ತಾಯಿತು, ಮಳೆ ಬಿಡುವ ಹೊತ್ತಿಗೆ ಏಳಕ್ಕೆ ಇಳಿಯಿತು. ಹಸಿರು ಪಟ್ಟಿ ಒಮ್ಮೆಲೇ ಓಡಿ ತುದಿ ಮುಟ್ಟಿತು. ಫೈಲ್ ಒತ್ತಿದೆ. ತೆರೆಯಿತು. ಇಂಚು, ಸೆಂಟ್, ಷರಾ, ನಲವತ್ತು ವರ್ಷ. ನನ್ನ ಕಣ್ಣು ಸ್ವಲ್ಪ ಮಂಜಾದದ್ದು ಟೀಚರಿಗೆ ಕಂಡಿತೋ ಏನೋ, ಬೇರೆ ಕಡೆ ನೋಡುತ್ತಾ ಒಂದು ದಿನಾಂಕ ಹೇಳಿದರು. "ಆ ದಿನ ಎಷ್ಟು ನೋಡು."

ಹುಡುಕಿದೆ. "ಮೂರು ಇಂಚು ಹತ್ತು ಸೆಂಟ್. ಷರಾ: ನಾಪೋಕ್ಲು ರಸ್ತೆಗೆ ಹೊಳೆ ಬಂದಿದೆ."

ಅವರು ಎದ್ದು ಬಂದು, ಕನ್ನಡಕ ಏರಿಸಿ, ತಾವೇ ಓದಿದರು. "ಇದು ಈ ಇನ್‌ಸ್ಟಿಟ್ಯೂಟ್ ಶುರು ಮಾಡಿದ ದಿನ. ಒಬ್ಬರೂ ಬರ್ಲಿಲ್ಲ. ಹೆಂಗಸು ಒಬ್ಬಳೇ ಅಂಗಡಿ ಹಾಕ್ತಾಳೆ ಅಂತ ಬೇಕಂತಲೇ ಬರ್ಲಿಲ್ಲ ಅಂತ ನಾನು ಇಷ್ಟು ವರ್ಷ ಅಂದ್ಕೊಂಡಿದ್ದೆ." ಕನ್ನಡಕ ತೆಗೆದು, "ಮೂರು ಇಂಚಿಗೆ ಯಾರು ಬರ್ತಾರೆ" ಎಂದು ನಕ್ಕರು. "ಅದೊಂದು ಸಾಲು ಪ್ರಿಂಟ್ ತೆಗಿ."

ಆ ಕಾಗದ ಅವರ ಗೋಡೆಯಲ್ಲಿ ಕ್ಯಾಲೆಂಡರಿನ ಪಕ್ಕ ಅಂಟಿತು. ನಾನು ಮನೆಗೆ ಬಂದು ಆ ವಾರವೇ ಇನ್ವರ್ಟರ್ ಹಾಕಿಸಿದೆ. ಮುಂದಿನ ತಿಂಗಳು ಅವರೇ ನಿಂತು ನನ್ನ ಕೈಯಲ್ಲಿ ಹೊಸ ಡಿಸ್ಕ್ ಹಾಕಿಸಿದರು. ಈಗ ಯಂತ್ರ ನಾನು ಕುರ್ಚಿ ಎಳೆಯುವುದರೊಳಗೆ ಎದ್ದಿರುತ್ತದೆ. ಕಳೆದುಹೋದ ಪೆನ್‌ಡ್ರೈವ್ ಕೂಡ ಸಿಕ್ಕಿತು, ಏಲಕ್ಕಿ ಡಬ್ಬಿಯಲ್ಲಿ. ಪಾಯಸ ಮಾಡುವ ದಿನ.

ಟೀಚರ್ ಕಳೆದ ಡಿಸೆಂಬರಿನಲ್ಲಿ ಹೋದರು. ಹೆಚ್ಚು ನರಳಲಿಲ್ಲವಂತೆ. ಕೊನೆಯ ಸಲ ನೋಡಿಕೊಂಡು ಬರಲು ಹೋದಾಗ ಆ ಕೋಣೆಯಲ್ಲೂ ಒಂದು ಕ್ಷಣ ನಿಂತೆ. ಗೋಡೆಯ ಕಾಗದ ಹಳದಿಗೆ ತಿರುಗಿತ್ತು, ಸ್ಕೇಲು ಮೇಜಿನ ಮೇಲಿತ್ತು.

ಮರುದಿನ ಬೆಳಿಗ್ಗೆ ಎಂಟಕ್ಕೆ ಮಳೆಮಾಪಕ ನೋಡಿದೆ. ಡಿಸೆಂಬರಿನಲ್ಲಿ ಏನಿರುತ್ತದೆ, ಆದರೂ ಹೋಗಿ ನೋಡಿದೆ. ಕಂಪ್ಯೂಟರಿನಲ್ಲಿ ಸೊನ್ನೆ ಬರೆದು, ಷರಾದಲ್ಲಿ "ಟೀಚರ್ ತೀರಿಕೊಂಡರು" ಎಂದು ಟೈಪ್ ಮಾಡಿ, ಪೆನ್‌ಡ್ರೈವಿಗೆ ಕಾಪಿ ಕೊಟ್ಟೆ. ಹಸಿರು ಪಟ್ಟಿ ತುದಿ ಮುಟ್ಟುವ ತನಕ ನನ್ನ ಎರಡೂ ಕೈ ತೊಡೆಯ ಮೇಲೆಯೇ ಇದ್ದವು.