ತಾತ ತಂದ ಕೋಸು

ಕೈ ಬಿಗಿ ಇದ್ದಾಗಲೂ ಹೊಟ್ಟೆ ತುಂಬಾ ಬಡಿಸುವುದನ್ನು ನಮ್ಮಮ್ಮನಿಂದ ಕಲಿಯಬೇಕು. ಅಪ್ಪನ ದುಡಿಮೆ ಬಾಡಿಗೆಗೂ ಶಾಲೆಗೂ ಸರಿಹೋಗುತ್ತಿತ್ತು. ಐದು ಜನರ ಊಟ ನಡೆಯುತ್ತಿದ್ದುದು ಹೊಲಿಗೆ ಕಾರ್ಖಾನೆಯಲ್ಲಿ ಅಮ್ಮನಿಗೆ ಸಿಗುವ ವಾರದ ಕೂಲಿಯಲ್ಲಿ. ಅವಳು ಮೊಟ್ಟೆಯನ್ನು ಎಂದೂ ಇಡಿಯಾಗಿ ಬೇಯಿಸಿದವಳಲ್ಲ. ಬೇಯಿಸಿದರೆ ಎಣಿಕೆಗೆ ಸಿಗುತ್ತದೆ. ಸೊಪ್ಪು ಸೇರಿಸಿ ಹುರಿದುಬಿಟ್ಟರೆ ಯಾರ ತಟ್ಟೆಗೆ ಎಷ್ಟು ಬಿತ್ತೆಂದು ದೇವರಿಗೂ ತಿಳಿಯದು. ಹಾಗಾಗಿ ನನಗೂ ತಮ್ಮನಿಗೂ ಜಗಳವಾಡಲು ಬೇರೆ ನೆಪ ಹುಡುಕಬೇಕಾಗುತ್ತಿತ್ತು.

ಅವಳ ಜಾಣತನ ಸೋತದ್ದು ತಾತನ ಮುಂದೆ. ಬಸ್ ಕಂಡಕ್ಟರ್ ಕೆಲಸ ಬಿಟ್ಟು ನಮ್ಮ ಮನೆಗೆ ಬಂದಾಗಿನಿಂದ ಅವರದು ಒಂದೇ ಮಾತು. ಒಂದು ಸೌಟು ಬಿದ್ದ ಕೂಡಲೇ ತಟ್ಟೆಗೆ ಕೈ ಅಡ್ಡ ಹಿಡಿದು, "ಸಾಕು ತಾಯಿ." ಅಮ್ಮ ಅವರ ಅಂಗಿಯನ್ನು ಎರಡು ಸಲ ಬಿಗಿ ಮಾಡಿ ಹೊಲಿದಳು. ಮೂರನೇ ಸಲ ಸೂಜಿ ಕೆಳಗಿಟ್ಟು ಅತ್ತಳು.

ಅಡುಗೆ ಹಿಡಿಸದೆ ಅಲ್ಲ. "ದುಡಿಯೋದು ನಿಂತು ಹೋಯ್ತು, ಮೊಮ್ಮಕ್ಕಳ ಪಾಲು ಹೇಗೆ ತಿನ್ಲಿ?" ಎಂದು ಅವರು ಪಕ್ಕದ ಮನೆಯವರ ಹತ್ತಿರ ಹೇಳಿದ್ದು ಅವಳ ಕಿವಿಗೆ ಬಿದ್ದಿತ್ತು.

ಆ ಭಾನುವಾರ ಅಮ್ಮ ತರಕಾರಿ ಚೀಲ, ಅದಕ್ಕೆಂದು ಇಟ್ಟಿದ್ದ ಹಣ ಎರಡನ್ನೂ ಅವರ ಕೈಗೆ ತುರುಕಿದಳು. "ದಿನಾ ಸಾಕು ಸಾಕು ಅಂತೀರಲ್ಲ ಮಾವ, ಈ ವಾರ ನಮ್ಮನ್ನೆಲ್ಲ ನೀವೇ ಸಾಕಿ!"

ತಾತ ಹೋದರು. ಬಂದರು. ಚೀಲದ ತುಂಬ ಕೋಸು. ಬರೀ ಕೋಸು.

"ಮಾವ, ಈರುಳ್ಳಿ? ಟೊಮೇಟೊ?"

"ಕೋಸಿನವನು ಅಂಗಡಿ ಎತ್ತೋ ಹೊತ್ತು, ಅಗ್ಗಕ್ಕೆ ಕೊಟ್ಟ. ಚೀಲದಲ್ಲಿ ಇನ್ನೂ ಜಾಗ ಇತ್ತಮ್ಮ. ಸೀಟು ಖಾಲಿ ಇಟ್ಕೊಂಡು ರೈಟ್ ಅನ್ನೋಕೆ ನನ್ನಿಂದ ಆಗುತ್ತಾ?"

ನನಗೆ ಮೈಯೆಲ್ಲ ಉರಿಯಿತು. ಅಪ್ಪ "ಮುಗೀತು ಕಥೆ" ಎಂದರು. ಅಮ್ಮ ಮಾತ್ರ ಹೊಟ್ಟೆ ಹಿಡಿದುಕೊಂಡು ನಕ್ಕಳು, ಆಮೇಲೆ ಸೆರಗು ಸಿಕ್ಕಿಸಿ ಕೆಲಸಕ್ಕಿಳಿದಳು. ಬೇಳೆಯಲ್ಲಿ ಕೋಸು, ಮೊಟ್ಟೆಯಲ್ಲಿ ಕೋಸು, ಅನ್ನದಲ್ಲಿ ಕೋಸು. ಕೊಚ್ಚುವ ಕೆಲಸ ತಾತನದು.

ಬುಧವಾರದ ಹೊತ್ತಿಗೆ ನಾನೂ ತಮ್ಮನೂ ತಟ್ಟೆಗೆ ಕೈ ಅಡ್ಡ ಹಿಡಿದೆವು. "ಅಮ್ಮಾ, ಸಾಕು!"

ತಾತನಿಗೆ ರೇಗಿತು. "ಏನ್ರೋ ಸಾಕು? ಒಂದೊಂದೂ ಒತ್ತಿ ನೋಡಿ ಆರಿಸಿದ್ದೀನಿ. ಎಷ್ಟು ರುಚಿ ಇದೆ ನೋಡಿ!" ನಮಗೆ ತೋರಿಸಲೆಂದು ತಾವೇ ಒಂದು ಸೌಟು ಹಾಕಿಕೊಂಡರು. ನಾವು ಮೂತಿ ತಿರುಗಿಸಿದ್ದಕ್ಕೆ ಇನ್ನೊಂದು. ನಾನು ಬಾಯಿ ತೆರೆಯುವಷ್ಟರಲ್ಲಿ ಅಮ್ಮ ಕಣ್ಣಲ್ಲೇ ಗದರಿದಳು.

ಮುಂದಿನ ವಾರದಿಂದ ಸಂತೆ ಅವರದೇ ಆಯಿತು. ಈರುಳ್ಳಿಯೂ ಬಂತು, ಕೊಸರಿ ತಂದ ಕೊತ್ತಂಬರಿಯೂ ಬಂತು. ಒಂದು ಸಂಜೆ ಅವರು ಬೀನ್ಸ್ ಬಿಡಿಸಿಟ್ಟು ಅಡುಗೆಮನೆಯ ಬಾಗಿಲಿಗೆ ಬಂದು ನಿಂತರು.

"ಇನ್ನೂ ಆಗಿಲ್ವೇನಮ್ಮ? ನನಗೆ ಹೊಟ್ಟೆ ಚುರುಗುಟ್ತಾ ಇದೆ."

ಅಮ್ಮ ಒಲೆಯ ಕಡೆ ತಿರುಗಿ, ಬೆಂದಾಗಿದ್ದ ಬೇಳೆಯನ್ನೇ ಸುಮ್ಮನೆ ತಿರುವುತ್ತ ನಿಂತಳು.

"ಕೂತ್ಕೊಳ್ಳಿ ಮಾವ," ಎಂದಳು ಕೊನೆಗೆ. "ಬಡಿಸ್ತೀನಿ."